ಹೊರನಾಡಿನಲ್ಲಿ ಉಮೇದುವಾರಿ

ಹಿಂದಿನ ಕಾಲದ ಸರಕಾರಿ ಕಚೇರಿಗಳಲ್ಲಿ ‘ಉಮೇದುವಾರ’ ಎಂಬ ಒಬ್ಬಾತ ಇರುತ್ತಿದ್ದ. ಅವನಿಗೆ ಸಂಬಳವಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಶಿರಸ್ತೇದಾರರು ಹೇಳಿದ ಕಾಗದವನ್ನು ನಕಲು ಮಾಡುವುದು, ಕಟ್ಟು ಕಟ್ಟುವುದು, ಹಳೆಯ ಗುಮಾಸ್ತರ ಬೆನ್ನ ಹಿಂದೆ ನಿಂತು ಕೆಲಸದ ಮರ್ಮ ತಿಳಿಯುವುದು, ಎಂದಾದರೂ ಒಂದು ಜಾಗ ಖಾಲಿ ಬಿದ್ದೀತೆಂದು ಕಾಯುವುದು ಅವನ ದಿನಚರಿ. ಇದೇ ಮಾತು ಚುನಾವಣೆಗೆ ನಿಂತವರಿಗೂ ಸಲ್ಲುತ್ತದೆ. ಕಾಯುವವನೂ ಉಮೇದುವಾರ, ಕಣಕ್ಕೆ ಇಳಿದವನೂ ಉಮೇದುವಾರ. ಎರಡಕ್ಕೂ ಒಂದೇ ಪದವನ್ನು ಇಟ್ಟುಕೊಂಡ ನಮ್ಮ ಹಿರಿಯರು ಏನನ್ನೋ ಕಂಡಿದ್ದರೆಂದು ತೋರುತ್ತದೆ.

ಈಗ ನಿಮ್ಮ ಮನೆಯ ಮಗನೋ ಮಗಳೋ ಕಾಲೇಜಿನಿಂದ ಬಂದು, ‘ಅಪ್ಪಾ, ಅಮೆರಿಕದ ಕಾಂಗ್ರೆಸ್ ಸದಸ್ಯರೊಬ್ಬರ ಕಚೇರಿಯಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಬಹುದಂತೆ, ಲಂಡನ್ನಿನ ಪಾರ್ಲಿಮೆಂಟಿನಲ್ಲೂ ಅಂಥದ್ದು ಉಂಟಂತೆ’ ಎಂದರೆ, ಅದು ಈ ಹಳೆಯ ಉಮೇದುವಾರಿಯೇ. ವೇಷ ಮಾತ್ರ ಬೇರೆ. ಕೇಳಿದ ತಂದೆತಾಯಿಗಳಿಗೆ ದಿಗಿಲಾಗುವುದು ಸಹಜ. ಓದಲು ಹೋದವರು ಓದಿಕೊಂಡು ಬರಬೇಕು, ಪರರಾಜ್ಯದ ರಾಜಕಾರಣ ನಮಗೇಕೆ ಎಂಬ ಪ್ರಶ್ನೆ ಹುಟ್ಟುತ್ತದೆ. ಪ್ರಶ್ನೆ ಹೊಸದಲ್ಲ. ಕನ್ನಡ ನಾಡಿನಿಂದ ಹೊರಟ ವಿದ್ಯಾರ್ಥಿಗಳು ಇದನ್ನು ನೂರು ವರ್ಷಗಳ ಹಿಂದೆಯೇ ಎದುರಿಸಿದ್ದರು. ಅವರಲ್ಲಿ ಕೆಲವರ ಕಥೆಯನ್ನು ಇಲ್ಲಿ ತಮ್ಮ ಮುಂದೆ ಇಡುತ್ತೇನೆ.

ಕಥೆಗೆ ಒಂದು ನೆಲೆ ಬೇಕು. ಬೆಂಗಳೂರಿನ ಪಶ್ಚಿಮಕ್ಕೆ ಮಲ್ಲತ್ತಹಳ್ಳಿ ಎಂಬ ಊರುಂಟು. ಕೆರೆಯನ್ನು ನಂಬಿದ ಹಳ್ಳಿಯಾಗಿದ್ದದ್ದು ಈಗ ನಗರದ ಬಡಾವಣೆಯಾಗಿದೆ. ಆದರೆ ಆ ಸುತ್ತಿನಲ್ಲಿ ಇರುವಷ್ಟು ವಿದ್ಯಾಸಂಸ್ಥೆಗಳು ಬೇರೆಡೆ ಒಂದೇ ಕಡೆ ಸಿಗುವುದು ಅಪರೂಪ. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣ ಪಕ್ಕದಲ್ಲೇ ಇದೆ. ಕೇಂಬ್ರಿಜ್ಜಿನಲ್ಲಿ ಓದಿ, ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದು ಕೇಂದ್ರದ ಮಂತ್ರಿಯೂ ಆಗಿದ್ದ ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ನಾಗರಭಾವಿಯಲ್ಲಿದೆ. ರಾಷ್ಟ್ರೀಯ ಕಾನೂನು ಶಾಲೆಯೂ ಅಲ್ಲೇ. ಮಲ್ಲತ್ತಹಳ್ಳಿಯೊಳಗೆ 1980ರಲ್ಲಿ ಆರಂಭವಾದ, ಡಾ. ಅಂಬೇಡ್ಕರ್ ಅವರ ಹೆಸರು ಹೊತ್ತ ತಾಂತ್ರಿಕ ವಿದ್ಯಾಲಯವಿದೆ, ಕಲಾಗ್ರಾಮವಿದೆ. ಹೊರನಾಡಿಗೆ ಅರ್ಜಿ ಹಾಕುವ ತರುಣ ತರುಣಿಯರು ಈ ಬೀದಿಗಳಲ್ಲಿ ದಿನವೂ ಓಡಾಡುತ್ತಾರೆ. ಆದ್ದರಿಂದಲೇ ಈ ಊರನ್ನು ಹಿಡಿದೆ. ಕಥೆ ಮಾತ್ರ ಹುಬ್ಬಳ್ಳಿಯಿಂದ ತೊಡಗಬೇಕು.

ಹುಬ್ಬಳ್ಳಿಯ ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರರ ಹೆಸರನ್ನು ಈಗಿನವರು ಹೆಚ್ಚಾಗಿ ಕೇಳಿಲ್ಲ. 1889ರಲ್ಲಿ ಹುಟ್ಟಿದವರು, ಲೋಕಮಾನ್ಯ ತಿಲಕರ ಪ್ರಭಾವದಲ್ಲಿ ಬೆಳೆದವರು. ಕಲಕತ್ತೆಯಲ್ಲಿ ವೈದ್ಯ ವ್ಯಾಸಂಗ ಮುಗಿಸಿ 1913ರಲ್ಲಿ ಅಮೆರಿಕಕ್ಕೆ ಹೋದರು. ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಓದಿ 1916ರಲ್ಲಿ ಪದವಿ ಪಡೆದರು. ಲೆಕ್ಕಕ್ಕೆ ಅಲ್ಲಿಗೆ ವಿದ್ಯೆ ಮುಗಿಯಿತು, ಹಡಗು ಹತ್ತಿ ಹಿಂದಿರುಗಬಹುದಾಗಿತ್ತು. ಆದರೆ ಹಿಂದಿರುಗಿದ್ದು 1921ರಲ್ಲಿ. ನಡುವಿನ ಐದು ವರ್ಷಗಳ ಉಮೇದುವಾರಿಯೇ ನಮ್ಮ ವಿಷಯ.

ಆ ಕಾಲದ ಅಮೆರಿಕದಲ್ಲಿ ಭಾರತೀಯ ವಿದ್ಯಾರ್ಥಿಯ ಸ್ಥಿತಿ ಎಂಥದಾಗಿತ್ತು, ಸ್ವಲ್ಪ ನೋಡಿ. ಪಶ್ಚಿಮ ಕರಾವಳಿಯಲ್ಲಿ 1913ರಲ್ಲಿ ಗದರ್ ಪಕ್ಷ ಹುಟ್ಟಿ ಸಶಸ್ತ್ರ ಕ್ರಾಂತಿಯ ಮಾತನಾಡುತ್ತಿತ್ತು. ಬ್ರಿಟಿಷರ ಗೂಢಚಾರರ ಕಣ್ಣು ಎಲ್ಲ ಭಾರತೀಯರ ಮೇಲೂ ಇತ್ತು. 1917ರಲ್ಲಿ ಅಮೆರಿಕ ಮಾಡಿದ ವಲಸೆ ಶಾಸನ ಏಷ್ಯದ ಕೂಲಿಕಾರರಿಗೆ ಬಾಗಿಲು ಹಾಕಿತು. ವಿದ್ಯಾರ್ಥಿಗಳಿಗೆ ಮಾತ್ರ ಸಂದು ಉಳಿಯಿತು. ಅದೇ ವರ್ಷ ಅಮೆರಿಕ ಮಹಾಯುದ್ಧಕ್ಕೆ ಇಳಿದು ಬ್ರಿಟನ್ನಿನ ಮಿತ್ರನಾಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗದರ್ ಪಕ್ಷದವರ ಮೇಲೆ ವಿಚಾರಣೆ ನಡೆಯಿತು. ಇಂಥ ಹೊತ್ತಿನಲ್ಲಿ ಭಾರತದ ಸ್ವರಾಜ್ಯದ ಮಾತನ್ನು ಬಾಯಿ ಬಿಟ್ಟು ಆಡುವುದು ಸುಲಭವಾಗಿರಲಿಲ್ಲ.

ಲಾಲಾ ಲಜಪತರಾಯರು ಆಗ ನ್ಯೂಯಾರ್ಕಿನಲ್ಲಿದ್ದರು. ಅವರು 1916ರಲ್ಲಿ ಪ್ರಕಟಿಸಿದ ‘ಯಂಗ್ ಇಂಡಿಯಾ’ ಪುಸ್ತಕವನ್ನು ಬ್ರಿಟಿಷ್ ಸರಕಾರ ನಿಷೇಧಿಸಿತ್ತು. ಯುದ್ಧ ಮುಗಿಯುವವರೆಗೆ ಅವರು ತಾಯ್ನಾಡಿಗೆ ಮರಳುವಂತಿರಲಿಲ್ಲ. ಅಲ್ಲಿ ಕುಳಿತೇ ಅವರು 1917ರ ಅಕ್ಟೋಬರಿನಲ್ಲಿ ‘ಇಂಡಿಯಾ ಹೋಂ ರೂಲ್ ಲೀಗ್ ಆಫ್ ಅಮೆರಿಕ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದಿನ ಜನವರಿಯಿಂದ ‘ಯಂಗ್ ಇಂಡಿಯಾ’ ಎಂಬ ಹೆಸರಿನಲ್ಲೇ ಮಾಸಪತ್ರಿಕೆ ಹೊರಬಂತು. ತಿಲಕರು ತಮ್ಮ ಹೋಂ ರೂಲ್ ಲೀಗನ್ನು ಒಂದೂವರೆ ವರ್ಷ ಮೊದಲು, 1916ರ ಏಪ್ರಿಲಿನಲ್ಲಿ, ನಮ್ಮ ಬೆಳಗಾವಿಯಲ್ಲೇ ಆರಂಭಿಸಿದ್ದರೆಂಬುದನ್ನು ನೆನೆಯಿರಿ. ಬೆಳಗಾವಿಯಲ್ಲಿ ಹೊತ್ತಿಸಿದ ದೀಪದಿಂದ ನ್ಯೂಯಾರ್ಕಿನಲ್ಲಿ ಇನ್ನೊಂದು ದೀಪ ಹೊತ್ತಿತು. ಆ ಎರಡನೆಯ ದೀಪಕ್ಕೆ ಎಣ್ಣೆ ಹೊಯ್ಯುವ ಕೆಲಸ ಹುಬ್ಬಳ್ಳಿಯ ಡಾಕ್ಟರರ ಪಾಲಿಗೆ ಬಂತು.

ಹರ್ಡೀಕರರು ಲೀಗಿನ ಕಾರ್ಯದರ್ಶಿಗಳಾಗಿ ದುಡಿದರು. ಕಾರ್ಯದರ್ಶಿ ಎಂದರೆ ಮೇಜಿನ ಹಿಂದೆ ಕುಳಿತು ರುಜು ಹಾಕುವ ಪದವಿ ಎಂದು ತಿಳಿಯಬೇಡಿ. ಇಂಥ ಸಣ್ಣ ಸಂಸ್ಥೆಯಲ್ಲಿ ಸದಸ್ಯರನ್ನು ಹುಡುಕುವುದು, ಚಂದಾ ಕೂಡಿಸುವುದು, ಕರಪತ್ರ ಅಚ್ಚಾಯಿತೇ ಎಂದು ವಿಚಾರಿಸುವುದು, ವಿಳಾಸ ಬರೆಯುವುದು, ಪತ್ರಿಕೆಗಳಿಗೆ ಉತ್ತರ ಕೊಡುವುದು ಎಲ್ಲವೂ ಕಾರ್ಯದರ್ಶಿಯದೇ. ಅವರು ಅಮೆರಿಕದ ಊರೂರು ತಿರುಗಿ ಭಾಷಣ ಮಾಡಿದರು. ಭಾರತವೆಂದರೆ ಹಾವಾಡಿಗರ ದೇಶ ಎಂದು ನಂಬಿದ್ದ ಜನರಿಗೆ ಬ್ರಿಟಿಷ್ ಆಳಿಕೆಯ ಲೆಕ್ಕಪತ್ರವನ್ನು ಬಿಡಿಸಿ ಹೇಳಬೇಕು; ಹೇಳಿದ ಮೇಲೆ ಅವರ ಅಡ್ಡಪ್ರಶ್ನೆಗಳನ್ನು ತಾಳಿಕೊಳ್ಳಬೇಕು. 1919ರಲ್ಲಿ ಅಮೆರಿಕದ ಸೆನೆಟ್ ಸಭೆಯ ವಿದೇಶಾಂಗ ಸಮಿತಿಯ ಎದುರು ಡಡ್ಲಿ ಫೀಲ್ಡ್ ಮೆಲೋನ್ ಎಂಬ ವಕೀಲರು ಭಾರತದ ಪರವಾಗಿ ಮಾತನಾಡಿದ್ದುಂಟು. ಅಂಥ ಒಂದು ದಿನ ಬರಬೇಕಾದರೆ ಅದರ ಹಿಂದೆ ಎಷ್ಟು ಅಂಚೆಚೀಟಿ ಅಂಟಿಸಿದ ಸಂಜೆಗಳು ಕಳೆದಿರಬೇಕು, ಎಣಿಸಿ ನೋಡಿ!

ಒಂದು ಮಾತನ್ನು ಗಮನಿಸಬೇಕು. ಇದು ಗುಪ್ತ ಕ್ರಾಂತಿಯ ಕೆಲಸವಾಗಿರಲಿಲ್ಲ. ಪತ್ರಿಕೆ, ಸಭೆ, ಅರ್ಜಿ, ಶಾಸಕರ ಭೇಟಿ, ಇವೇ ಅವರ ಆಯುಧ. ಪ್ರಜಾಪ್ರಭುತ್ವವಿರುವ ದೇಶದಲ್ಲಿ ಜನಾಭಿಪ್ರಾಯವನ್ನು ಹೇಗೆ ಕಟ್ಟುತ್ತಾರೆ, ಸಂಘವನ್ನು ಶಿಸ್ತಿನಿಂದ ಹೇಗೆ ನಡೆಸುತ್ತಾರೆ ಎಂಬುದನ್ನು ಹರ್ಡೀಕರರು ಕಣ್ಣಾರೆ ಕಂಡರು, ಕೈಯಾರೆ ಮಾಡಿದರು. ಈ ಕಲಿಕೆ ಊರಿಗೆ ಬಂದ ಮೇಲೆ ಹೊಳೆಯಿತು.

1923ರ ಬೇಸಗೆಯಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಹರ್ಡೀಕರರ ಹುಬ್ಬಳ್ಳಿ ಸೇವಾ ಮಂಡಲದ ಸ್ವಯಂಸೇವಕರೂ ಹೋಗಿ ಸೆರೆಯಾದರು. ಸೆರೆಮನೆಯ ಕಷ್ಟ ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯವರು ಬರೆದುಕೊಡಲಿಲ್ಲ. ಈ ಸುದ್ದಿ ದೇಶದಲ್ಲೆಲ್ಲ ಹಬ್ಬಿತು. ಹುಬ್ಬಳ್ಳಿಯ ಹುಡುಗರಿಗೆ ಈ ಗಟ್ಟಿತನ ಎಲ್ಲಿಂದ ಬಂತು ಎಂದು ಕಾಂಗ್ರೆಸ್ಸಿನ ಹಿರಿಯರು ಕೇಳಿದಾಗ, ತರಬೇತಿಯಿಂದ ಬಂತು ಎಂಬುದೇ ಉತ್ತರ. ಆ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಅಧಿವೇಶನದ ಹೊತ್ತಿಗೆ ಅಖಿಲ ಭಾರತ ಮಟ್ಟದ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ ನೆಹರೂ ಅವರನ್ನು ಈ ಕೆಲಸಕ್ಕೆ ಎಳೆದವರು ಹರ್ಡೀಕರರೇ. ಸಮವಸ್ತ್ರ, ಕವಾಯತು ಎಂದರೆ ಅಹಿಂಸೆಗೆ ವಿರುದ್ಧವೆಂದು ದೊಡ್ಡ ದೊಡ್ಡ ಕಾಂಗ್ರೆಸ್ಸಿಗರೇ ಅಡ್ಡಿ ಬಂದರೆಂದು ನೆಹರೂ ತಮ್ಮ ಆತ್ಮಕಥೆಯಲ್ಲಿ ಆಶ್ಚರ್ಯಪಟ್ಟು ಬರೆದಿದ್ದಾರೆ.

ಮರುವರ್ಷ, 1924ರ ಡಿಸೆಂಬರಿನಲ್ಲಿ, ಬೆಳಗಾವಿಯ ಕಾಂಗ್ರೆಸ್ಸು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರ ಸಾರಥ್ಯ, ಸೇವಾದಳದ ಸ್ವಯಂಸೇವಕರ ದುಡಿಮೆ. ಉಮಾಬಾಯಿ ಕುಂದಾಪುರ ಅವರು ನೂರಕ್ಕೂ ಮೇಲ್ಪಟ್ಟು ಸ್ತ್ರೀಯರನ್ನು ಸ್ವಯಂಸೇವಕಿಯರಾಗಿ ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು. ಆ ಕಾಲದಲ್ಲಿ ಮನೆಯ ಹೊಸಿಲು ದಾಟಿ ಸಭೆಯ ವ್ಯವಸ್ಥೆಗೆ ನಿಲ್ಲುವುದೆಂದರೆ ಏನೆಂಬುದನ್ನು ನಿಮ್ಮ ಮನೆಯ ಹಿರಿಯ ಮಹಿಳೆಯರಿಂದ ಕೇಳಿ ತಿಳಿಯಬಹುದು. ಸಾವಿರಾರು ಜನ ಸೇರುವ ಜಾಗದಲ್ಲಿ ನೀರು, ನೈರ್ಮಲ್ಯ, ರೋಗದ ಭಯ, ಇವೆಲ್ಲ ಹರ್ಡೀಕರರು ಮಿಶಿಗನ್ನಿನಲ್ಲಿ ಓದಿದ ವಿಷಯಗಳೇ ಅಲ್ಲವೆ? ಓದಿದ್ದು ಒಂದು, ಮಾಡಿದ್ದು ಇನ್ನೊಂದು ಎಂದು ಕೆಲವರು ಅವರನ್ನು ಕುರಿತು ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ಮುಂದೆ 1931ರಲ್ಲಿ ಕಾಂಗ್ರೆಸ್ಸು ಸೇವಾದಳವನ್ನು ತನ್ನ ಅಧಿಕೃತ ಅಂಗವಾಗಿ ತೆಗೆದುಕೊಂಡಿತು. 1932ರಲ್ಲಿ ಬ್ರಿಟಿಷ್ ಸರಕಾರ ಅದನ್ನು ನಿಷೇಧಿಸಿತು. ಸ್ವಾತಂತ್ರ್ಯಾನಂತರ ಹರ್ಡೀಕರರು 1952ರಿಂದ ಹತ್ತು ವರ್ಷ ರಾಜ್ಯಸಭೆಯಲ್ಲಿದ್ದರು, 1958ರಲ್ಲಿ ಪದ್ಮಭೂಷಣರಾದರು, 1975ರಲ್ಲಿ ತೀರಿಕೊಂಡರು.

ಇನ್ನು ಅದೇ 1913ರಲ್ಲಿ, ಅದೇ ಅಮೆರಿಕಕ್ಕೆ ಹೋದ ಇನ್ನೊಬ್ಬ ವಿದ್ಯಾರ್ಥಿಯ ಮಾತು. ಅವರು ಭೀಮರಾವ್ ಅಂಬೇಡ್ಕರ್. ಕನ್ನಡಿಗರಲ್ಲದಿದ್ದರೂ ಮಲ್ಲತ್ತಹಳ್ಳಿಯ ವಿದ್ಯಾಲಯದ ಬಾಗಿಲ ಮೇಲೆ ಅವರ ಹೆಸರಿದೆ, ಮೇಲಾಗಿ ಅವರನ್ನು ಬಿಟ್ಟರೆ ಈ ಕಥೆಯ ಅರ್ಧ ಕಾಣುವುದೇ ಇಲ್ಲ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಮರಳಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು ಇತ್ತು. ಲಜಪತರಾಯರು ನ್ಯೂಯಾರ್ಕಿನ ಈ ಪ್ರತಿಭಾವಂತ ತರುಣನನ್ನೂ ತಮ್ಮ ಕೆಲಸಕ್ಕೆ ಸೆಳೆಯಲು ನೋಡಿದರು; ಅಂಬೇಡ್ಕರರು ಒಪ್ಪದೆ ಓದಿಗೇ ನಿಂತರು ಎಂದು ಅವರ ಜೀವನಚರಿತ್ರಕಾರರು ಬರೆದಿದ್ದಾರೆ.

ಒಬ್ಬರು ಹೋದರು, ಇನ್ನೊಬ್ಬರು ಹೋಗಲಿಲ್ಲ. ಹರ್ಡೀಕರರು ದೇಶಭಕ್ತರು, ಅಂಬೇಡ್ಕರರು ಪುಸ್ತಕದ ಹುಳು ಎಂದು ಇದನ್ನು ಓದುವುದು ಬಹಳ ತಪ್ಪು. ಹಂಗಿನ ಅನ್ನ ಉಣ್ಣುವ ವಿದ್ಯಾರ್ಥಿ ತನ್ನ ಒಡೆಯನ ಮಾತನ್ನು ಮುರಿಯಲಾರ, ಅದು ಒಂದು. ವಿದ್ಯಾರ್ಥಿವೇತನ ನಿಂತರೆ ಹಿಂದೆ ಆಸ್ತಿಯಿಲ್ಲ, ಕೈಹಿಡಿಯುವ ಬಂಧುಬಳಗವಿಲ್ಲ, ತನ್ನ ಜನರಲ್ಲಿ ಅಷ್ಟು ದೂರ ಬಂದವರು ಬೇರೊಬ್ಬರಿಲ್ಲ. ಅಂಥವನಿಗೆ ಸಿಕ್ಕ ಮೂರು ವರ್ಷದ ಗ್ರಂಥಾಲಯವನ್ನು ಬಿಡುವುದೆಂದರೆ ಒಂದು ಜನಾಂಗದ ಅವಕಾಶವನ್ನೇ ಬಿಟ್ಟಂತೆ. ರಾಜಕಾರಣದ ಉಮೇದುವಾರಿಗೂ ಒಂದು ಬಂಡವಾಳ ಬೇಕು. ಅದು ಎಲ್ಲರ ಬಳಿಯೂ ಇರುವುದಿಲ್ಲ. 1917ರಲ್ಲಿ ಮರಳಿದ ಅಂಬೇಡ್ಕರರಿಗೆ ಬರೋಡದಲ್ಲಿ ಉಳಿದುಕೊಳ್ಳಲು ಒಂದು ಕೋಣೆಯೂ ದೊರೆಯಲಿಲ್ಲವೆಂಬುದನ್ನು ತಾವು ಬಲ್ಲಿರಿ. ಅವರ ರಾಜಕಾರಣ ಆಮೇಲೆ ಬಂತು, ಓದಿನ ಬಲದ ಮೇಲೆಯೇ ಬಂತು. ಹರ್ಡೀಕರರು ದುಡಿದ ಬೆಳಗಾವಿ ಕಾಂಗ್ರೆಸ್ಸು ಮುಗಿದ ಮೂರೂವರೆ ತಿಂಗಳಿಗೆ, 1925ರ ಏಪ್ರಿಲಿನಲ್ಲಿ, ಅದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಅಂಬೇಡ್ಕರರು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತನಾಡಿದರು. 1913ರ ಇಬ್ಬರು ಪ್ರಯಾಣಿಕರು ಒಂದೇ ಜಿಲ್ಲೆಯಲ್ಲಿ ಎರಡು ಬೇರೆ ಸಭೆಗಳನ್ನು ಕಟ್ಟಿದರು!

ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಲಂಡನ್ನಿನ ಬೆಡ್ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದವರು, ಅಸಹಕಾರ ಚಳವಳಿಯ ಸುದ್ದಿ ಕೇಳಿ 1923ರಲ್ಲಿ ಮರಳಿ ಸೇವಾದಳವನ್ನೇ ಸೇರಿದರು. 1926ರಲ್ಲಿ ಮದರಾಸು ಶಾಸನಸಭೆಗೆ ನಿಂತು ಅಲ್ಪ ಮತಗಳಿಂದ ಸೋತರು. ನಮ್ಮ ದೇಶದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಅವರು. ಅವರ ಕಥೆ ಒಂದು ಪ್ರತ್ಯೇಕ ಲೇಖನಕ್ಕೆ ತಕ್ಕದ್ದು, ಇಲ್ಲಿ ಇಷ್ಟೇ ಸಾಕು.

ಸ್ವಾತಂತ್ರ್ಯ ಬಂದಮೇಲೆ ಹೊರನಾಡಿನ ಪಯಣದ ಬಣ್ಣವೇ ಬದಲಾಯಿತು. 1950ರ ಫೆಬ್ರುವರಿಯಲ್ಲಿ ಭಾರತಕ್ಕೂ ಅಮೆರಿಕಕ್ಕೂ ಫುಲ್‌ಬ್ರೈಟ್ ಒಪ್ಪಂದವಾಯಿತು. 1954–55ರಿಂದ ಪರಿಶಿಷ್ಟ ವರ್ಗಗಳ ವಿದ್ಯಾರ್ಥಿಗಳಿಗೆ ಭಾರತ ಸರಕಾರವೇ ವಿದೇಶ ವ್ಯಾಸಂಗದ ವೇತನ ಕೊಡತೊಡಗಿತು. ಮಹಾರಾಜರ ಕೃಪೆಗೆ ಕಾಯಬೇಕಾಗಿದ್ದ ಕಾಲ ಅಲ್ಲಿಗೆ ಮುಗಿಯಿತು. ಫುಲ್‌ಬ್ರೈಟ್ ವೇತನದಲ್ಲಿ ಹೋದವರಲ್ಲಿ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ತರುಣರೊಬ್ಬರು ಇದ್ದರು.

ಎಸ್. ಎಂ. ಕೃಷ್ಣ ಅವರು 1932ರಲ್ಲಿ ಹುಟ್ಟಿದವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವಿ, ಬೆಂಗಳೂರಿನಲ್ಲಿ ಕಾನೂನು, ಅನಂತರ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯ, ವಾಷಿಂಗ್‌ಟನ್ನಿನ ಜಾರ್ಜ್ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯ. 1960ರಲ್ಲಿ ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂತು. ಡೆಮಾಕ್ರಟಿಕ್ ಪಕ್ಷದ ಜಾನ್ ಕೆನೆಡಿ, ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್. ಕಾನೂನು ಓದುತ್ತಿದ್ದ ಕೃಷ್ಣ ಅವರು ಭಾರತೀಯ ಮೂಲದವರು ವಾಸಿಸುವ ಕಡೆಗಳಲ್ಲಿ ಕೆನೆಡಿಯವರ ಪರವಾಗಿ ಪ್ರಚಾರ ಮಾಡಿದರು. ಗೆದ್ದ ಬಳಿಕ ಕೆನೆಡಿಯವರಿಂದ ಅವರಿಗೆ ಕೃತಜ್ಞತೆಯ ಪತ್ರ ಬಂತು.

ಈ ಪ್ರಚಾರ ಹರ್ಡೀಕರರ ಕಾಲದಲ್ಲಿ ಆಗುತ್ತಲೇ ಇರಲಿಲ್ಲ. ಏಕೆಂದರೆ 1923ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಭಾರತೀಯರು ಅಲ್ಲಿನ ಪೌರರಾಗಲು ಅರ್ಹರಲ್ಲವೆಂದು ತೀರ್ಪು ಕೊಟ್ಟಿತ್ತು. ಆ ಬಾಗಿಲು ತೆರೆದದ್ದು 1946ರಲ್ಲಿ. ಪೌರತ್ವ ಬಂದ ಮೇಲೆ ಮತ ಬಂತು, ಮತ ಬಂದ ಮೇಲೆ ಮನೆ ಬಾಗಿಲಿಗೆ ಬರುವ ಪ್ರಚಾರಕರೂ ಬಂದರು. 1920ರಲ್ಲಿ ವಿದ್ಯಾರ್ಥಿಯಾಗಿ ಹೋಗಿದ್ದ ಪಂಜಾಬಿನ ದಲೀಪ್ ಸಿಂಗ್ ಸೌಂದ್ ಅವರು 1956ರಲ್ಲಿ ಕ್ಯಾಲಿಫೋರ್ನಿಯದಿಂದ ಅಮೆರಿಕದ ಕಾಂಗ್ರೆಸ್ಸಿಗೇ ಆರಿಸಿ ಬಂದಿದ್ದರು. 1960ರಲ್ಲಿ ಅಲ್ಲಿದ್ದ ಭಾರತೀಯರ ಸಂಖ್ಯೆ ಬಹಳ ಸಣ್ಣದು, ನಿಜ. ಆದರೆ ದೇಶದಲ್ಲೆಲ್ಲ ಬಿದ್ದ ಸುಮಾರು ಆರು ಕೋಟಿ ಎಂಬತ್ತೆಂಟು ಲಕ್ಷ ಮತಗಳಲ್ಲಿ ಕೆನೆಡಿ ಮುಂದಿದ್ದದ್ದು ಒಂದು ಲಕ್ಷ ಚಿಲ್ಲರೆಯಷ್ಟೆ. ಅಂಥ ಚುನಾವಣೆಯಲ್ಲಿ ಯಾರ ಓಡಾಟವೂ ಹಗುರವಲ್ಲ.

ರೇಡಿಯೋ ಕೇಳುವ ತಮಗೆ ರುಚಿಸುವ ಒಂದು ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ಆ ವರ್ಷದ ಸೆಪ್ಟೆಂಬರ್ 26ರಂದು ಕೆನೆಡಿ-ನಿಕ್ಸನ್ನರ ಚರ್ಚೆ ಮೊದಲ ಬಾರಿಗೆ ಟೆಲಿವಿಷನ್ನಿನಲ್ಲಿ ಬಂತು, ರೇಡಿಯೋದಲ್ಲಿಯೂ ಪ್ರಸಾರವಾಯಿತು. ನೋಡಿದವರು ಕೆನೆಡಿ ಗೆದ್ದರೆಂದರಂತೆ, ಕಿವಿಯಿಂದ ಮಾತ್ರ ಕೇಳಿದವರು ನಿಕ್ಸನ್ ಗೆದ್ದರೆಂದರಂತೆ. ಈ ಮಾತಿಗೆ ಇರುವ ಸಾಕ್ಷ್ಯ ತೆಳುವೆಂದು ಈಚಿನ ವಿದ್ವಾಂಸರು ಹೇಳುತ್ತಾರೆ. ಆದರೂ ಮಾತು ಸಾಯಲೊಲ್ಲದು.

ಕೃಷ್ಣ ಅವರು ಊರಿಗೆ ಮರಳಿದರು, ಸ್ವಲ್ಪ ಕಾಲ ಬೆಂಗಳೂರಿನ ರೇಣುಕಾಚಾರ್ಯ ಕಾನೂನು ಕಾಲೇಜಿನಲ್ಲಿ ಪಾಠ ಹೇಳಿದರು. 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ನಿಂತು ಕಾಂಗ್ರೆಸ್ಸನ್ನು ಸೋಲಿಸಿ ವಿಧಾನಸಭೆಗೆ ಹೋದರು. ಆಗ ಅವರ ವಯಸ್ಸು ಮೂವತ್ತೂ ತುಂಬಿರಲಿಲ್ಲ. ಅಮೆರಿಕದ ಬೀದಿಯ ಪಾಠ ಮದ್ದೂರಿನ ಬೀದಿಯಲ್ಲಿ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬಂತೋ ಅದನ್ನು ಅಳೆಯುವುದು ಕಷ್ಟ. ಅಲ್ಲಿ ಟೆಲಿವಿಷನ್ನು, ಇಲ್ಲಿ ಎತ್ತಿನ ಗಾಡಿ. ಅಲ್ಲಿ ಪಕ್ಷದ ದಾಖಲಾತಿ, ಇಲ್ಲಿ ಜಾತಿ, ಬಂಧುತ್ವ, ನಾಲೆಯ ನೀರು. ಆದರೆ ಅಪರಿಚಿತನ ಬಾಗಿಲು ತಟ್ಟುವ ಧೈರ್ಯ ಒಮ್ಮೆ ಬಂದರೆ ಯಾವ ಊರಿನಲ್ಲಾದರೂ ಸಲ್ಲುತ್ತದೆ. ಗೆದ್ದವರೂ ಆದರು, ಸೋತವರೂ ಆದರು: 1967ರಲ್ಲಿ ಮದ್ದೂರು ಕೈಬಿಟ್ಟಿತು, 1968ರ ಉಪಚುನಾವಣೆಯಲ್ಲಿ ಮಂಡ್ಯ ಅವರನ್ನು ಲೋಕಸಭೆಗೆ ಕಳುಹಿಸಿತು. 1999ರಿಂದ 2004ರವರೆಗೆ ಮುಖ್ಯಮಂತ್ರಿ, 2009ರಿಂದ 2012ರವರೆಗೆ ವಿದೇಶಾಂಗ ಮಂತ್ರಿ. 2010ರ ಜೂನಿನಲ್ಲಿ ಅವರು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಅವರೊಡನೆ ಮಾತುಕತೆಗೆ ಕುಳಿತದ್ದು ತಾವು ವಿದ್ಯಾರ್ಥಿಯಾಗಿದ್ದ ಅದೇ ವಾಷಿಂಗ್‌ಟನ್ನಿನಲ್ಲಿ. ಕೃಷ್ಣ ಅವರು 2024ರ ಡಿಸೆಂಬರ್ 10ರಂದು ತೀರಿಕೊಂಡರು.

ಅದೇ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿಯೂ ನಮ್ಮವರಿದ್ದರು. ಧಾರವಾಡದಿಂದ ರೋಡ್ಸ್ ವಿದ್ಯಾರ್ಥಿಯಾಗಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೋದ ಗಿರೀಶ ಕಾರ್ನಾಡರು ತತ್ತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಓದಿದರು. 1963ರಲ್ಲಿ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾದರು. ಯೂನಿಯನ್ ಎಂದರೆ ವಿದ್ಯಾರ್ಥಿಗಳ ಚರ್ಚಾಸಂಘ. ಇಂಗ್ಲೆಂಡಿನ ಎಷ್ಟೋ ಪ್ರಧಾನಮಂತ್ರಿಗಳು ಬಾಯಿ ತಿದ್ದಿಕೊಂಡ ಗರಡಿ ಅದು. ಕಾರ್ನಾಡರು ಪಾರ್ಲಿಮೆಂಟಿನ ಕಡೆಗೆ ತಿರುಗದೆ ನಾಟಕದ ಕಡೆಗೆ ತಿರುಗಿದರು. ‘ತುಘಲಕ್’ ನಾಟಕವನ್ನು ಕಂಡವರು ಆ ಗರಡಿಯ ಅಭ್ಯಾಸ ಪೂರ್ತಿ ವ್ಯರ್ಥವಾಯಿತೆಂದು ಹೇಳಲಾರರು.

ಇನ್ನೊಬ್ಬರು ಯು. ಆರ್. ಅನಂತಮೂರ್ತಿ. ಶಾಂತವೇರಿ ಗೋಪಾಲಗೌಡರ ಒಡನಾಟದಲ್ಲಿ ಸಮಾಜವಾದದ ರುಚಿ ಹತ್ತಿಸಿಕೊಂಡಿದ್ದವರು ಕಾಮನ್‌ವೆಲ್ತ್ ವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋಗಿ, 1930ರ ದಶಕದ ರಾಜಕೀಯ ಮತ್ತು ಕಾದಂಬರಿ ಎಂಬ ವಿಷಯದ ಮೇಲೆ 1966ರಲ್ಲಿ ಡಾಕ್ಟರೇಟ್ ಪಡೆದರು. ಪರದೇಶದ ರಾಜಕಾರಣವನ್ನು ಗ್ರಂಥಾಲಯದಲ್ಲಿ ಕುಳಿತು ಓದುತ್ತಿದ್ದವರು ಕೋಣೆಗೆ ಬಂದು ಬರೆದದ್ದು ತೀರ್ಥಹಳ್ಳಿ ಸೀಮೆಯ ಒಂದು ಅಗ್ರಹಾರದ ಕಥೆ, ‘ಸಂಸ್ಕಾರ’. 2004ರಲ್ಲಿ ಲೋಕಸಭೆಗೂ ನಿಂತು ಸೋತರು. 2014ರ ಆಗಸ್ಟಿನಲ್ಲಿ ಅವರ ಅಂತ್ಯಕ್ರಿಯೆ ನಡೆದದ್ದು ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ. ಆ ರಸ್ತೆಯಲ್ಲಿ ಹೋದಾಗ ತಾವು ಒಳಗೆ ಹೋಗಿ ನೋಡಬಹುದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮನೆಯ ಹುಡುಗಿ ಹೋಗಬೇಕೆನ್ನುತ್ತಾಳೆ; ಕಳುಹಿಸಬಹುದೆ?

ಕೆಲಸ ಎಂಥದೆಂಬುದನ್ನು ಮೊದಲು ತಿಳಿದಿರಬೇಕು. ಶಾಸಕರ ಕಚೇರಿಯಲ್ಲಿ ಹೊಸಬರಿಗೆ ಸಿಗುವುದು ಟೆಲಿಫೋನು ತೆಗೆದುಕೊಳ್ಳುವುದು, ಮತದಾರರ ಪತ್ರಗಳನ್ನು ವಿಂಗಡಿಸುವುದು, ಸಮಿತಿಯ ಸಭೆಯಲ್ಲಿ ಟಿಪ್ಪಣಿ ಬರೆದುಕೊಳ್ಳುವುದು, ನೋಡಲು ಬಂದವರಿಗೆ ಕಟ್ಟಡ ತೋರಿಸುವುದು. ಇದರಲ್ಲಿ ಅವಮಾನವೇನೂ ಇಲ್ಲ, ಹರ್ಡೀಕರರು ಲಕೋಟೆಗಳೊಡನೆಯೇ ಆರಂಭಿಸಿದವರು. ಸಾವಿರ ಮತದಾರರ ದೂರುಗಳನ್ನು ಓದಿದವರಿಗೆ ರಾಜ್ಯಶಾಸ್ತ್ರದ ಪಠ್ಯಪುಸ್ತಕ ಬೇರೆ ಬೆಳಕಿನಲ್ಲಿ ಕಾಣುತ್ತದೆ.

ಕಾನೂನಿನ ಮಾತು ಎರಡನೆಯದು. ಕೃಷ್ಣ ಅವರ ಕಾಲದ ಸಡಿಲು ಈಗಿಲ್ಲ. ಅಮೆರಿಕದ ಚುನಾವಣೆಗಳಲ್ಲಿ ಪರದೇಶದವರ ಹಣವನ್ನು 1966ರ ಮತ್ತು 1974ರ ಶಾಸನಗಳು ಬಿಗಿಯಾಗಿ ತಡೆದಿವೆ. ಪರದೇಶದ ವಿದ್ಯಾರ್ಥಿ ಪ್ರತಿಫಲವಿಲ್ಲದೆ ಸ್ವಯಂಸೇವೆ ಮಾಡಬಹುದು, ಆದರೆ ಚಂದಾ ಎಂದು ಒಂದು ಡಾಲರು ಕೊಡುವಂತಿಲ್ಲ, ಹಣ ಹೇಗೆ ಖರ್ಚಾಗಬೇಕೆಂಬ ತೀರ್ಮಾನದಲ್ಲಿ ಪಾಲುಗೊಳ್ಳುವಂತಿಲ್ಲ. ಸಂಬಳದ ಕೆಲಸಕ್ಕೆ ವೀಸಾದ ಅನುಮತಿ ಬೇರೆಯೇ ಬೇಕು. ನಮ್ಮ ದೇಶ ಇನ್ನೂ ಬಿಗಿ: 2019ರ ಲೋಕಸಭಾ ಚುನಾವಣೆಯಲ್ಲಿ ಪಶ್ಚಿಮ ಬಂಗಾಳದಲ್ಲಿ ಪ್ರಚಾರಕ್ಕಿಳಿದ ಬಾಂಗ್ಲಾದೇಶದ ನಟರೊಬ್ಬರಿಗೆ ದೇಶ ಬಿಡಲು ಹೇಳಲಾಯಿತು. ನಮ್ಮ ಹುಡುಗರು ಅಲ್ಲಿ ಮಾಡಬಹುದಾದದ್ದನ್ನು ಅವರ ಹುಡುಗರು ಇಲ್ಲಿ ಮಾಡುವಂತಿಲ್ಲ. ಇದು ನ್ಯಾಯವೋ ಅಲ್ಲವೋ ಎಂದು ಮನೆಯಲ್ಲಿ ಚರ್ಚಿಸಲು ಒಳ್ಳೆಯ ವಿಷಯ.

ಎಲ್ಲಕ್ಕಿಂತ ದೊಡ್ಡದು ಹಣ. ಈ ಉಮೇದುವಾರಿ ಬಹುಕಾಲ ಬಿಟ್ಟಿ ದುಡಿಮೆಯೇ ಆಗಿತ್ತು. ತಂದೆಯ ಕೈಯಲ್ಲಿ ಹಣವಿದ್ದವರು ಮಾತ್ರ ವಾಷಿಂಗ್‌ಟನ್ನಿನಲ್ಲಿ ಎರಡು ತಿಂಗಳು ಬಾಡಿಗೆ ಕೊಟ್ಟು ಬಿಟ್ಟಿ ದುಡಿಯಬಲ್ಲರು. ಅಮೆರಿಕದವರಿಗೇ ಇದು ತಪ್ಪೆನಿಸಿ, ಅಲ್ಲಿನ ಕಾಂಗ್ರೆಸ್ಸು 2018ರಲ್ಲಿ ಇಂಥ ತರುಣರಿಗೆ ವೇತನಕ್ಕೆಂದು ಹಣ ತೆಗೆದಿಟ್ಟಿತು. ಅಧ್ಯಕ್ಷರ ಶ್ವೇತಭವನ 2022ರಿಂದ ಸಂಬಳ ಕೊಡತೊಡಗಿತು. ನಮ್ಮಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ಕರ್ನಾಟಕ ಸರಕಾರದ ‘ಪ್ರಬುದ್ಧ’ ಯೋಜನೆ ಬಂದಿದೆ. ಆದರೆ ಅದು ಪದವಿಗೆ ಸಲ್ಲುವ ನೆರವು. ವಿಶ್ವವಿದ್ಯಾನಿಲಯದ ಹೊರಗೆ ಎರಡು ತಿಂಗಳು ಕಚೇರಿಯಲ್ಲಿ ದುಡಿದು ಕಲಿಯುವವರ ಊಟ, ಬಾಡಿಗೆಗಳ ಪ್ರಶ್ನೆ ಬೇರೆಯೇ. ಅಂದು ಲಜಪತರಾಯರ ಕರೆಗೆ ಒಬ್ಬ ವಿದ್ಯಾರ್ಥಿ ಹೂಂ ಎನ್ನಲು, ಇನ್ನೊಬ್ಬ ಒಲ್ಲೆನೆನ್ನಲು ಕಾರಣವಾದ ಆ ಹಳೆಯ ಅಂತರ ಇನ್ನೂ ತುಂಬಿಲ್ಲ. ಹೊರನಾಡೇ ಬೇಕೆಂದೂ ಇಲ್ಲ: ಸಂಸತ್ ಸದಸ್ಯರೊಬ್ಬರ ಜೊತೆ ಒಂದು ವರ್ಷ ದುಡಿದು ಕಲಿಯುವ, ವೇತನವೂ ಉಳ್ಳ ‘ಲ್ಯಾಂಪ್’ ಫೆಲೋಶಿಪ್ಪು 2010ರಿಂದ ದೆಹಲಿಯಲ್ಲೇ ನಡೆದುಬಂದಿದೆ.

ಹೋಗುವವರು ಹೋದಲ್ಲಿಂದ ಕಾಗದ ಬರೆಯಲಿ, ಬರೆದದ್ದನ್ನು ಮನೆಯವರು ಇಡಲಿ. ಹರ್ಡೀಕರರ ಕಾಗದಪತ್ರಗಳು ದೆಹಲಿಯ ತೀನ್ ಮೂರ್ತಿ ಭವನದಲ್ಲಿ, ನೆಹರೂ ಸ್ಮಾರಕವೆಂದು ಹೆಸರಾಗಿದ್ದು 2023ರಲ್ಲಿ ಪ್ರಧಾನಮಂತ್ರಿಗಳ ಸಂಗ್ರಹಾಲಯವೆಂದು ಹೆಸರು ಬದಲಿಸಿಕೊಂಡ ಗ್ರಂಥಭಂಡಾರದಲ್ಲಿವೆ. ಜ್ಞಾನಭಾರತಿಯ ರಾಜ್ಯಶಾಸ್ತ್ರದ ವಿದ್ಯಾರ್ಥಿಯೊಬ್ಬ ಒಂದು ಬೇಸಗೆ ಅಲ್ಲಿ ಕುಳಿತರೆ ಒಂದು ಒಳ್ಳೆಯ ಕನ್ನಡ ಪುಸ್ತಕ ಆದೀತು.